ಜಿಡಿಬಿ ಕೊಡೋ \340\262\225 ನ ಮತ್ತೆ 'ಕ' ಮಾಡೋದು: ನನ್ನ ನೋಟ್ಸ್

ಜಿಡಿಬಿ ಅಂದ್ರೆ ಪ್ರೋಗ್ರಾಂನ ತಪ್ಪು ಹುಡುಕೋ ಡಿಬಗರ್. ಎಡಿಟರ್ ಒಳಗಿಂದ ಅದನ್ನ ಓಡಿಸಿದ್ರೆ ಎಂಐ (ಮಷೀನ್ ಇಂಟರ್ಫೇಸ್) ಅನ್ನೋ ಫಾರ್ಮ್ಯಾಟ್‌ನಲ್ಲಿ ಉತ್ತರ ಕೊಡುತ್ತೆ, ಅದು ನಾವು ಓದೋಕಲ್ಲ, ಪ್ರೋಗ್ರಾಂ ಓದೋಕೆ. ಸ್ಟ್ರಿಂಗ್ ಎಲ್ಲಾ ಸಿ ಭಾಷೆ ಥರ ಡಬಲ್ ಕೋಟ್ ಒಳಗೆ, ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೇ ಪಟ್ಟಿ) ಅಲ್ಲದ ಬೈಟ್‌ಗಳು ಬ್ಯಾಕ್‌ಸ್ಲ್ಯಾಶ್ ಹಾಕಿ ಮೂರು ಆಕ್ಟಲ್ (ಎಂಟರ ಲೆಕ್ಕದ) ಅಂಕಿಯಾಗಿ ಬರ್ತವೆ, ಇದಕ್ಕೇ ಎಸ್ಕೇಪ್ ಅನ್ನೋದು. ವೇರಿಯಬಲ್ ಬೆಲೆ ಮಾತ್ರ ಅಲ್ಲ, ಫೈಲ್ ಹೆಸರು ಕನ್ನಡದಲ್ಲಿದ್ರೂ ಇದೇ ಕಥೆ.

ಈಗ ಎಲ್ಲರೂ ಎಡವೋ ಜಾಗ. \340 ಅಂದ್ರೆ ಒಂದು ಅಕ್ಷರ ಅಲ್ಲ, ಒಂದು ಬೈಟ್. 3×64 + 4×8 + 0 = 224. ಹಾಗೇ 262 ಅಂದ್ರೆ 178, 225 ಅಂದ್ರೆ 149. ಯುಟಿಎಫ್-8 ನಲ್ಲಿ (ಯುನಿಕೋಡ್ ಅಕ್ಷರಗಳನ್ನ ಬೈಟ್ ಆಗಿ ಬರೆಯೋ ರೀತಿ) 'ಕ' ಅಂದ್ರೆ ಈ ಮೂರು ಬೈಟ್ ಸೇರಿ. ಒಂದೊಂದನ್ನೇ ತಗೊಂಡು ಆ ನಂಬರಿನ ಯುನಿಕೋಡ್ ಅಕ್ಷರ ಮಾಡಿದ್ರೆ ಏನಾಗುತ್ತೆ ನೋಡಿ: 224 ಕ್ಕೆ ತಲೆ ಮೇಲೆ ಗೀಟಿರೋ ಲ್ಯಾಟಿನ್ 'ಎ', 178 ಕ್ಕೆ ವರ್ಗ ಅಂತ ಬರೆಯೋ ಪುಟ್ಟ ಎರಡು, 149 ಕ್ಕೆ ಕಣ್ಣಿಗೇ ಕಾಣದ ಕಂಟ್ರೋಲ್ ಕ್ಯಾರೆಕ್ಟರ್. ಎರರ್ ಬರಲ್ಲ, ಕಸ ಬರುತ್ತೆ, ಅದೇ ತಲೆನೋವು. ಅದಕ್ಕೇ ಎಸ್ಕೇಪ್‌ಗಳನ್ನೆಲ್ಲ ಮೊದಲು ಬೈಟ್ ಬಫರ್‌ಗೆ ತುಂಬಿ, ಕ್ಲೋಸಿಂಗ್ ಕೋಟ್ ಸಿಕ್ಕಮೇಲೆ ಒಂದೇ ಸಲ ಡಿಕೋಡ್ ಮಾಡಿ.

ಇನ್ನೊಂದು, ರೆಜೆಕ್ಸ್ (ಪ್ಯಾಟರ್ನ್ ಹುಡುಕೋ ಸೂತ್ರ) ಹಾಕಿ ರಿಪ್ಲೇಸ್ ಮಾಡೋ ಆಸೆ ಬೇಡ. \\340 ಅಂತ ಬಂದ್ರೆ ಅದು ಒಂದು ಬ್ಯಾಕ್‌ಸ್ಲ್ಯಾಶು, ಆಮೇಲೆ ಸಾದಾ 340 ಅನ್ನೋ ಅಂಕಿ. ಮೊದಲು ಎರಡು ಸ್ಲ್ಯಾಶನ್ನ ಒಂದು ಮಾಡಿ ಆಮೇಲೆ ಆಕ್ಟಲ್ ಹುಡುಕಿದ್ರೆ ಅದೂ ಬೈಟ್ ಆಗಿ ಕೂತ್ಬಿಡುತ್ತೆ. ಎಡದಿಂದ ಒಂದೇ ಓಟ: ಸ್ಲ್ಯಾಶ್ ಸಿಕ್ಕಾಗ ಮುಂದಿನದನ್ನ ನೋಡು, ಸ್ಲ್ಯಾಶೇ ಆದ್ರೆ ಒಂದನ್ನ ಇಟ್ಕೊಂಡು ಎರಡನ್ನೂ ದಾಟು, ಅಂಕಿ ಆದ್ರೆ ಮೂರು ತಗೊ, ಎನ್ ಆದ್ರೆ ನ್ಯೂಲೈನ್, ಟಿ ಆದ್ರೆ ಟ್ಯಾಬ್, ಹೀಗೆ.

ಇಮ್ಯಾಕ್ಸ್ ಎಡಿಟರ್‌ನಲ್ಲಿ ಇದಕ್ಕೆ ಜಿಡಿಬಿ-ಎಂಐ-ಡಿಕೋಡ್-ಸ್ಟ್ರಿಂಗ್ಸ್ ಅಂತ ವೇರಿಯಬಲ್ಲೇ ಇದೆ, ಯುಟಿಎಫ್-8 ಥರದ ಕೋಡಿಂಗ್ ಸಿಸ್ಟಮ್ ಹೆಸರನ್ನೂ ಕೊಡಬಹುದು. ಅದರ ಒಂದು ಹಳೇ ಕೋಡ್ ನಂಗೆ ಭಾರಿ ಇಷ್ಟ: ಮೊದಲ ಅಂಕಿ 2 ಅಥವಾ 3 ಇದ್ರೆ ಮಾತ್ರ ಮುಟ್ಟುತ್ತೆ. ಯಾಕಂದ್ರೆ ಆಕ್ಟಲ್ 200 ಅಂದ್ರೆ 128, ಅಲ್ಲಿಂದ 377 ತನಕ ಅಂದ್ರೆ 255 ತನಕ ಆಸ್ಕಿ ಆಚೆಯ ಬೈಟ್‌ಗಳು. \012 ಅಂದ್ರೆ ನ್ಯೂಲೈನ್, ಅದರ ತಂಟೆಗೇ ಹೋಗಲ್ಲ. ಆದ್ರೂ ಪ್ರೋಗ್ರಾಂನ ಪಠ್ಯದಲ್ಲೇ \340 ಥರದ್ದು ಅಕ್ಷರಶಃ ಇದ್ರೆ ತಪ್ಪಾಗಿ ಡಿಕೋಡ್ ಆಗಬಹುದು ಅಂತ ಅವರೇ ಎಚ್ಚರಿಕೆ ಬರೆದಿದಾರೆ, ಹಾಗಾಗಿ ಹೊಸದಾಗಿ ಬರೆಯೋದಾದ್ರೆ ಮೇಲೆ ಹೇಳಿದ ಒಂದೇ ಓಟದ ದಾರಿನೇ ವಾಸಿ.

ಔಟ್‌ಪುಟ್ ತುಂಡು ತುಂಡಾಗಿ ಬರುತ್ತೆ, ಒಂದು ತುಂಡು \34 ಗೆ ನಿಂತು 0 ಮುಂದಿನದ್ರಲ್ಲಿ ಬರಬಹುದು, ಸಾಲು ಪೂರ್ತಿ ಆಗೋವರೆಗೂ ಪಾರ್ಸ್ ಮಾಡ್ಬೇಡಿ.

ಟೆಸ್ಟಿಗೆ "ಕನ್ನಡ" ಸಾಕು: ಹದಿನೈದು ಎಸ್ಕೇಪ್ ಒಳಗೆ ಹೋಗಿ ಐದು ಕೋಡ್‌ಪಾಯಿಂಟ್ (ಯುನಿಕೋಡ್ ನಂಬರು) ಆಚೆ ಬರ್ಬೇಕು, ಒತ್ತಕ್ಷರ ಮಾಡೋ ವಿರಾಮ (ಹಲಂತ) \340\263\215 ಸೇರಿ. ಅದರ ಬಾಲಕ್ಕೆ ಒಂದು \\340 ಸೇರಿಸಿ ಇನ್ನೊಂದು ಟೆಸ್ಟ್ ಬರೀರಿ, ಅದು ಹಾಗೇ ಉಳೀಬೇಕು, ಒಂದು ಸ್ಲ್ಯಾಶ್ ಕಮ್ಮಿ ಅಷ್ಟೇ.