ಮೂರೂವರೆ ಇಂಚಿನಲ್ಲಿ ಕನ್ನಡಕ್ಕೆಷ್ಟು ಜಾಗ?

ಕರ್ನಾಟಕದ ಯಾವುದೇ ಪೇಟೆಬೀದಿಯಲ್ಲಿ ಹತ್ತಾರು ಅಂಗಡಿಗಳ ವಿಸಿಟಿಂಗ್ ಕಾರ್ಡ್‌ಗಳನ್ನು ಕೇಳಿ ಪಡೆದು ಒಟ್ಟಿಗೆ ಇಟ್ಟು ನೋಡಿ. ಅಂಗಡಿಯ ನಾಮಫಲಕದಲ್ಲಿ ಕನ್ನಡ ಇರುತ್ತದೆ. ವ್ಯಾಪಾರದ ಮಾತು ಕನ್ನಡದಲ್ಲೇ ನಡೆಯುತ್ತದೆ. ಮಾಲೀಕರ ಮನೆಯ ಲಗ್ನಪತ್ರಿಕೆಯೂ ಕನ್ನಡದಲ್ಲೇ ಅಚ್ಚಾಗಿರುತ್ತದೆ. ಕಾರ್ಡಿನ ವಿಷಯಕ್ಕೆ ಬಂದರೆ ಮಾತ್ರ ಹೆಚ್ಚಿನವು ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಇದ್ದರೂ ಹಿಂಬದಿಯಲ್ಲಿ, ಇಕ್ಕಟ್ಟಾಗಿ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗುಲುವಂತೆ ಕುಳಿತಿರುತ್ತದೆ.

ಇಂಗ್ಲಿಷ್ ವ್ಯಾಮೋಹವೇ ಇದಕ್ಕೆ ಕಾರಣ ಎಂದು ಹೇಳಿ ಮುಗಿಸುವುದು ಸುಲಭ. ವ್ಯಾಮೋಹ ಇದ್ದೇ ಇದೆ. ಆದರೆ ಅಚ್ಚುಕೂಟದ ಒಳಹೊಕ್ಕು ನೋಡಿದರೆ ಬೇರೆ ಕಾರಣಗಳೂ ಸಿಗುತ್ತವೆ. ಮೊದಲು ಕಾಗದದ ಅಳತೆ, ನಂತರ ಸೀಸದ ಮೊಳೆ (ಅಚ್ಚಿನ ಬಿಡಿ ಅಕ್ಷರ), ಆಮೇಲೆ ಕಂಪ್ಯೂಟರಿನ ಫಾಂಟ್, ಹೀಗೆ ಒಂದರ ಹಿಂದೊಂದು ಬಂದ ತೊಡಕುಗಳು ಕನ್ನಡವನ್ನು ಕಾರ್ಡಿನ ಬೆನ್ನಿಗೆ ತಳ್ಳಿದವು. ಇವುಗಳಲ್ಲಿ ಯಾವುದೂ ಈಗ ದಾಟಲಾಗದ ತೊಡಕಲ್ಲ. ಆದರೂ ಅಭ್ಯಾಸ ಹಾಗೆಯೇ ಉಳಿದಿದೆ ಎಂಬುದೇ ನನ್ನ ತಕರಾರು.

ಇಂದಿನ ಕಾರ್ಡಿನ ವಂಶದಲ್ಲಿ ಎರಡು ಕವಲುಗಳಿವೆ. ಒಂದು, ಲಂಡನ್ನಿನ ವ್ಯಾಪಾರಿಗಳ ಚೀಟಿ. ಅಂಗಡಿಗಳಿಗೆ ಕ್ರಮಸಂಖ್ಯೆ ಇಲ್ಲದ ಕಾಲದಲ್ಲಿ ಗಿರಾಕಿಗೆ ದಾರಿ ತಿಳಿಯುವುದೇ ಕಷ್ಟವಾಗಿತ್ತು. ಹಾಗಾಗಿ 17 ಮತ್ತು 18ನೇ ಶತಮಾನದ ವ್ಯಾಪಾರಿಗಳು ತಮ್ಮ ಅಂಗಡಿಯ ಮುಂದೆ ತೂಗಿದ ಚಿಹ್ನೆ ಯಾವುದು, ಅದು ಯಾವ ಬೀದಿಯಲ್ಲಿದೆ, ಯಾವ ಚರ್ಚಿನ ಹತ್ತಿರ ಎಂಬುದನ್ನೆಲ್ಲ ತಾಮ್ರದ ತಗಡಿನಲ್ಲಿ ಕೆತ್ತಿಸಿ ಮುದ್ರಿಸಿ ಹಂಚುತ್ತಿದ್ದರು. ಚಿತ್ರಕಾರ ವಿಲಿಯಂ ಹೊಗಾರ್ತ್ 1720ರಲ್ಲಿ ಕೆತ್ತನೆಯ ಸ್ವಂತ ಕಸುಬು ಆರಂಭಿಸಿದಾಗ ತನ್ನ ಚೀಟಿಯನ್ನು ತಾನೇ ಕೆತ್ತಿಕೊಂಡಿದ್ದ. ಇಂಥ ಚೀಟಿಗಳಲ್ಲಿ ಹಲವು ಈಗಿನ ಕಾರ್ಡಿಗಿಂತ ಬಹಳ ದೊಡ್ಡವು. ಹಿಂಬದಿಯಲ್ಲಿ ಲೆಕ್ಕ, ರಸೀದಿ ಬರೆದುಕೊಡುವಷ್ಟು ಜಾಗವಿರುತ್ತಿತ್ತು.

ಇನ್ನೊಂದು ಕವಲು ಫ್ರಾನ್ಸ್ ಮತ್ತು ಇಂಗ್ಲೆಂಡಿನ ಸಿರಿವಂತರ ಭೇಟಿ ಚೀಟಿ. ಇದರಲ್ಲಿ ವ್ಯಾಪಾರದ ಸೊಲ್ಲೇ ಇಲ್ಲ. ಬಿಳಿ ರಟ್ಟು, ನಡುವೆ ಒಂದು ಹೆಸರು, ಅಷ್ಟೇ. ಬಾಗಿಲಿಗೆ ಬಂದ ಆಳಿನ ಕೈಗೆ ಕೊಟ್ಟು ಕಾಯಬೇಕು, ಇಲ್ಲವೇ ಬಿಟ್ಟು ಹೋಗಬೇಕು. ಬ್ರಿಟಿಷರ ಜೊತೆ ಭಾರತದ ದಂಡು ಪ್ರದೇಶಗಳಿಗೂ ಈ ಪದ್ಧತಿ ಬಂತು. ಊರಿಗೆ ಹೊಸದಾಗಿ ಬಂದ ಅಧಿಕಾರಿ ಬಂಗಲೆಯಿಂದ ಬಂಗಲೆಗೆ ಹೋಗಿ, ಗೇಟಿಗೆ ತೂಗುಹಾಕಿದ ತಗಡಿನ ಡಬ್ಬಿಯಲ್ಲಿ ತನ್ನ ಚೀಟಿ ಹಾಕಿ ಬರಬೇಕಿತ್ತು. ಮನೆಯವರ ಮುಖ ನೋಡದಿದ್ದರೂ ಶಿಷ್ಟಾಚಾರ ಮುಗಿಯುತ್ತಿತ್ತು.

ನಾವು ಇಂದು ಬಳಸುವ ಅಳತೆ ಈ ಎರಡನೆಯ ಕವಲಿನದು. ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ಡೆರಿ 1854ರಲ್ಲಿ ಪೇಟೆಂಟ್ ಪಡೆದ, ಭೇಟಿ ಚೀಟಿಯ ಹೆಸರಿನಲ್ಲೇ ಪ್ರಸಿದ್ಧವಾದ ಪುಟ್ಟ ಭಾವಚಿತ್ರಗಳ ಅಳತೆ ಸುಮಾರು 54 × 89 ಮಿಲಿಮೀಟರ್. ಭಾರತದ ಅಚ್ಚುಕೂಟಗಳಲ್ಲಿ ಸಾಮಾನ್ಯವಾದ ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರದ ಕಾರ್ಡ್ ಎಂದರೆ 89 × 51 ಮಿಲಿಮೀಟರ್. ಯುರೋಪಿನಲ್ಲಿ 85 × 55 ಹೆಚ್ಚು, ಜಪಾನಿನಲ್ಲಿ 91 × 55. ಒಂದು ಹೆಸರಿಗೆ, ಹೆಚ್ಚೆಂದರೆ ಒಂದು ಸಾಲು ವಿಳಾಸಕ್ಕೆ ಸಾಕಾಗುವ ಆ ಪುಟ್ಟ ರಟ್ಟಿನ ಮೇಲೆ ನಾವು ಲಂಡನ್ ವ್ಯಾಪಾರಿಯ ಇಡೀ ಚೀಟಿಯನ್ನು ಹೇರಿದೆವು. ಎಲ್ಲ ಭಾಷೆಗಳ ಕಾರ್ಡಿಗೂ ಈ ಕಷ್ಟ ಇದೆ, ಕನ್ನಡಕ್ಕೆ ಹೆಚ್ಚು.

ಏಕೆ ಹೆಚ್ಚು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಅಚ್ಚಿನವರು ಅಕ್ಷರವನ್ನು ಅಳೆಯುವುದು ಪಾಯಿಂಟಿನಲ್ಲಿ, ಇಂಚಿಗೆ 72. ಎರಡು ಇಂಚಿನ ಎತ್ತರವೆಂದರೆ 144 ಪಾಯಿಂಟ್. ಮೇಲೆ ಕೆಳಗೆ 12 ಪಾಯಿಂಟ್‌ಗಳಂತೆ ಅಂಚು ಬಿಟ್ಟರೆ ಉಳಿಯುವುದು 120. ಇಂಗ್ಲಿಷನ್ನು 8 ಪಾಯಿಂಟಿನಲ್ಲಿ, ಸಾಲಿಗೆ 10 ಪಾಯಿಂಟಿನಂತೆ ಜೋಡಿಸಿದರೆ 12 ಸಾಲು ಹಿಡಿಯುತ್ತದೆ. ಕನ್ನಡಕ್ಕೆ ಅದು ಸಾಲದು. ‘ರಾಷ್ಟ್ರೀಯ’ ಎಂಬ ಪದವನ್ನು ಬರೆದು ನೋಡಿ: ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ನಡುವೆ ಷಕಾರ, ಅದರ ಬುಡದಲ್ಲಿ ಟಕಾರದ ಒತ್ತು, ಅದಕ್ಕಂಟಿಕೊಂಡು ರಕಾರದ ಒತ್ತು. ಇಷ್ಟೂ ಸ್ಪಷ್ಟವಾಗಿ ಕಾಣಬೇಕಾದರೆ ನನ್ನ ಲೆಕ್ಕದಲ್ಲಿ 10 ಪಾಯಿಂಟಿನ ಅಕ್ಷರ, ಸಾಲಿಗೆ 15 ಪಾಯಿಂಟ್ ಬೇಕು. ಅಲ್ಲಿಗೆ 12 ಸಾಲಿನ ಜಾಗದಲ್ಲಿ 8 ಸಾಲು. ಅಗಲದಲ್ಲೂ ಇದೇ ಕತೆ. ಕನ್ನಡದ ಅಕ್ಷರಗಳು ದುಂಡಗೆ ಹರಡಿಕೊಳ್ಳುತ್ತವೆ. ‘ವ್ಯವಸ್ಥಾಪಕ ನಿರ್ದೇಶಕರು’ ಎಂದು ಹಾಕಿದರೆ ಕಾರ್ಡಿನ ಅರ್ಧ ಅಗಲ ಮುಗಿದೇ ಹೋಗುತ್ತದೆ.

ಮೊಳೆಗಳ ಕಾಲದಲ್ಲಿ ಈ ಕಷ್ಟ ಇನ್ನೂ ದೊಡ್ಡದಿತ್ತು. ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣ ಆರಂಭಿಸಿದ್ದು ಕಲ್ಲಚ್ಚಿನಲ್ಲಿ. 1843ರ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ಕಲ್ಲಚ್ಚಿನಲ್ಲಿ ಕೈಬರಹ ಹೇಗಿದೆಯೋ ಹಾಗೆಯೇ ಮೂಡುವುದರಿಂದ ಒತ್ತಕ್ಷರ ಒಂದು ಸಮಸ್ಯೆಯೇ ಅಲ್ಲ. ಸೀಸದ ಮೊಳೆ ಬಂದ ಮೇಲೆ ಒಂದೊಂದು ಒತ್ತಿಗೂ ಬೇರೆ ಮೊಳೆ ಎರಕ ಹೊಯ್ಯಬೇಕಾಯಿತು. ಅದೇ ಮಿಷನ್ ಅಚ್ಚುಕೂಟ 1894ರಲ್ಲಿ ಕಿಟೆಲ್ ನಿಘಂಟನ್ನು ಹೊರತಂದಿತು. ಅಷ್ಟು ದೊಡ್ಡ ಕೆಲಸವನ್ನು ಕನ್ನಡದ ಮೊಳೆಗಳು ಹೊತ್ತವು ಎಂಬುದನ್ನು ಮರೆಯಬಾರದು. ಆದರೆ ದೊಡ್ಡ ಸಂಸ್ಥೆಗೆ ಸಾಧ್ಯವಾದದ್ದು ಪೇಟೆಯ ಸಣ್ಣ ಅಚ್ಚುಕೂಟಕ್ಕೆ ಸಾಧ್ಯವಾಗಲಿಲ್ಲ. ಇಂಗ್ಲಿಷಿಗೆ ನೂರರ ಆಸುಪಾಸಿನ ಖಾನೆಗಳಲ್ಲಿ ಕೆಲಸ ಮುಗಿದರೆ ಕನ್ನಡದ ಒಂದು ಅಳತೆಗೆ ನೂರಾರು ಬಗೆಯ ಮೊಳೆ ಬೇಕು. ಹಾಗಾಗಿ ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಯಂತ್ರ ಇಟ್ಟುಕೊಂಡವರು ಇಂಗ್ಲಿಷನ್ನು ಹಲವು ಅಳತೆ, ಹಲವು ಶೈಲಿಗಳಲ್ಲಿ ಕೊಂಡರು, ಕನ್ನಡವನ್ನು ಒಂದೆರಡು ಅಳತೆಗಳಲ್ಲಿ ಕೊಂಡರು. ಸಣ್ಣ ಅಳತೆಯ ಒತ್ತಿನ ಮೊಳೆಗಳು ಬೇಗ ಸವೆಯುತ್ತಿದ್ದವು, ಮುರಿಯುತ್ತಿದ್ದವು.

ಲಗ್ನಪತ್ರಿಕೆ ಕನ್ನಡದಲ್ಲಿ ಉಳಿದುಕೊಂಡ ಗುಟ್ಟೂ ಇಲ್ಲೇ ಇದೆ. ಅದೇ ಮೊಳೆ, ಅದನ್ನು ಜೋಡಿಸುವ ಅದೇ ಕೈ, ಅದೇ ಯಂತ್ರ. ಆದರೆ ಕಾಗದ ದೊಡ್ಡದು. ವಂಶಾವಳಿ, ಮುಹೂರ್ತ, ಆಶೀರ್ವಾದ ಬೇಡುವ ಹಿರಿಯರ ಪಟ್ಟಿ ಎಲ್ಲವೂ ಉಸಿರಾಡುವಷ್ಟು ಜಾಗದಲ್ಲಿ ಕೂರುತ್ತಿದ್ದವು. ಜಾಗ ಕೊಟ್ಟಲ್ಲೆಲ್ಲ ಕನ್ನಡ ಚೆನ್ನಾಗಿಯೇ ಕಂಡಿದೆ.

ಇತ್ತ ಕಾರ್ಡಿನ ಮೇಲೆ ತುಂಬಬೇಕಾದ ವಿವರಗಳು ಬೆಳೆಯುತ್ತಲೇ ಹೋದವು. ಮೊದಲು ತಂತಿ ವಿಳಾಸ ಮತ್ತು ದೂರವಾಣಿ, ನಂತರ ಟೆಲೆಕ್ಸ್, 1972ರಿಂದ ಆರಂಕಿಯ ಪಿನ್ ಕೋಡ್, ಆಮೇಲೆ ಫ್ಯಾಕ್ಸ್, 1995ರ ನಂತರ ಮೊಬೈಲ್, ಬೆನ್ನಿಗೇ ಇಮೇಲ್. ಹೊಸದು ಬಂದಾಗ ಹಳೆಯದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಈ ಸಾಲುಗಳಲ್ಲಿ ಹೆಚ್ಚಿನವು ಅಂಕಿಗಳು, ಇಮೇಲ್ ಅಂತೂ ರೋಮನ್ ಲಿಪಿಯೇ. ಇಕ್ಕಟ್ಟಾದಾಗ ಬಿಟ್ಟುಹೋದದ್ದು ಕನ್ನಡದ ಹೆಸರು.

ಕಂಪ್ಯೂಟರ್ ಬಂದಾಗ ಮೊಳೆಯ ತೊಂದರೆ ಕಳೆಯಬೇಕಿತ್ತು. ಕಳೆದದ್ದು ಅರ್ಧ ಮಾತ್ರ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 1985ರಲ್ಲಿ, ಚಿತ್ರ ವಿನ್ಯಾಸದ ಕೋರಲ್‌ಡ್ರಾ 1989ರಲ್ಲಿ ಬಂದವು, ಎರಡೂ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ನಮ್ಮ ತಂತ್ರಜ್ಞರು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಫಾಂಟ್ ಮಾಡಿದರು. ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ಒಬ್ಬೊಬ್ಬರ ಜೋಡಣೆ ಒಂದೊಂದು ರೀತಿ ಇದ್ದುದರಿಂದ ಒಂದು ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗುತ್ತಿರಲಿಲ್ಲ. 1998ರಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ ‘ಬರಹ’ ಬಂತು, ಕೆಲಕಾಲದಲ್ಲೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಚ್ಚುಕೂಟದ ಹುಡುಗರ ಬೆರಳಿಗೆ ರೂಢಿಯಾಯಿತು. ಆ ಕಾಲಕ್ಕೆ ಇದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ.

ತೊಡಕು ಬಂದದ್ದು ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತುಮಾಡಿದ ಜಾಗತಿಕ ಸಂಕೇತ ಯೂನಿಕೋಡ್ ಮನೆಮಾತಾದ ಮೇಲೆ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗ’ ಫಾಂಟ್ ಬಂತು. ಆದರೆ ವಿನ್ಯಾಸದ ತಂತ್ರಾಂಶಗಳು ಬಹಳ ತಡ ಮಾಡಿದವು. ಇನ್‌ಡಿಸೈನ್ ಕನ್ನಡವನ್ನು ನೆಟ್ಟಗೆ ಜೋಡಿಸಲು ಕಲಿತದ್ದು 2012ರ ಆವೃತ್ತಿಯಲ್ಲಿ. ಪೇಟೆಯ ಅಂಗಡಿಗಳಲ್ಲಿ ಹಳೆಯ ತಂತ್ರಾಂಶ ಇಂದಿಗೂ ನಡೆಯುತ್ತಿದೆ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲಿ ವಿವರ ಕಳಿಸುತ್ತಾನೆ. ಅದನ್ನು ಹಾಗೆಯೇ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಉದುರುತ್ತದೆ. ಕೊನೆಗೆ ಎಲ್ಲವನ್ನೂ ನುಡಿಯಲ್ಲಿ ಮತ್ತೆ ಟೈಪ್ ಮಾಡಬೇಕು. ಮತ್ತೆ ಟೈಪ್ ಮಾಡಿದಲ್ಲೆಲ್ಲ ತಪ್ಪು ನುಸುಳುತ್ತದೆ, ಕರಡು ತಿದ್ದುವವರು ಇರುವುದಿಲ್ಲ. ಅವಸರದಲ್ಲಿರುವ ಅಂಗಡಿಯವರು ‘ಇಂಗ್ಲಿಷಿನಲ್ಲೇ ಹಾಕಿಬಿಡೋಣ’ ಎನ್ನುವುದು ಆಗಲೇ.

ಆಫ್‌ಸೆಟ್ ಮತ್ತು ಡಿಜಿಟಲ್ ಮುದ್ರಣ ಅಗ್ಗವಾದಂತೆ ಬಣ್ಣಗಳು ಹೊಸ ಸಂಕಟ ತಂದವು. ಕಡು ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಹಾಕಿಸುವ ಚಾಳಿ ಈಗ ಎಲ್ಲೆಲ್ಲೂ ಇದೆ. ‘ಸುಧಾಕರ’ ಎಂಬ ಹೆಸರನ್ನು ಹಾಗೆ 7 ಪಾಯಿಂಟಿನಲ್ಲಿ ಅಚ್ಚು ಹಾಕಿಸಿ ಭೂತಗನ್ನಡಿ ಹಿಡಿದು ನೋಡಿ. ಧಕಾರದ ಬುಡದಲ್ಲಿರುವ ಸಣ್ಣ ಗೀಟಿನ ಮೇಲೆ ಸುತ್ತಲಿನ ಶಾಯಿ ಹರಡಿ, ಅದು ದಕಾರದಂತೆ ಕಾಣುತ್ತದೆ. ಬ-ಭ, ಪ-ಫ, ಡ-ಢ ಜೋಡಿಗಳಿಗೂ ಇದೇ ಗತಿ. ಮನುಷ್ಯನ ಹೆಸರೇ ಅಲ್ಲಿ ಬೇರೆಯಾಗುತ್ತದೆ. ಕಪ್ಪು ಅಕ್ಷರವನ್ನು ನಾಲ್ಕು ಬಣ್ಣಗಳ ಮಿಶ್ರಣದಿಂದ ಮಾಡಿದರೂ ತೊಂದರೆ ಉಂಟು: ನಾಲ್ಕು ಅಚ್ಚುಗಳು ಕೂದಲೆಳೆಯಷ್ಟು ಸರಿದರೂ ಅಂಚು ಮಸುಕಾಗುತ್ತದೆ, ಒತ್ತುಗಳು ಕಲಸಿಹೋಗುತ್ತವೆ. ಕನ್ನಡದ ಸಣ್ಣ ಅಕ್ಷರಗಳನ್ನು ತಿಳಿ ಹಿನ್ನೆಲೆಯ ಮೇಲೆ, ಒಂದೇ ಕಪ್ಪು ಶಾಯಿಯಲ್ಲಿ ಹಾಕಿಸಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ.

ಈಗ ಎಲ್ಲರ ಕಾರ್ಡಿನಲ್ಲೂ ಕ್ಯೂಆರ್ ಕೋಡ್ ಇದೆ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ವಾಹನಗಳ ಬಿಡಿಭಾಗಗಳ ಲೆಕ್ಕಕ್ಕೆಂದು ರೂಪಿಸಿದ ಈ ಚೌಕ ಕನ್ನಡ ಕಾರ್ಡಿಗೆ ನಿಜವಾದ ಬಿಡುಗಡೆ ತರಬಲ್ಲದು. ಇಮೇಲ್, ಜಾಲತಾಣ, ನಕ್ಷೆ ಎಲ್ಲವನ್ನೂ ಅದರೊಳಗೆ ಹಾಕಿದರೆ ಮುಖದ ಮೇಲೆ ಜಾಗ ಉಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಯೂನಿಕೋಡಿನ ಪ್ರಚಲಿತ ರೂಪದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. ‘ಕೃಷ್ಣಮೂರ್ತಿ’ ಎಂಬುದು ಒತ್ತು, ಕೊಂಬು, ಹಲಂತ (್) ಚಿಹ್ನೆಗಳೆಲ್ಲ ಸೇರಿ 11 ಚಿಹ್ನೆ, ಅಂದರೆ 33 ಬೈಟ್. ಇಡೀ ವಿಳಾಸವನ್ನು ಕನ್ನಡದಲ್ಲಿ ತುಂಬಿಸಿದರೆ ಚೌಕದ ಕಣಗಳು ಕಿಕ್ಕಿರಿದು ಅಗ್ಗದ ಮೊಬೈಲ್ ಕ್ಯಾಮೆರಾ ಓದಲು ತಿಣುಕುತ್ತದೆ. ಕೋಡಿನೊಳಗೆ ಒಂದು ಚಿಕ್ಕ ಕೊಂಡಿ ಇಟ್ಟು, ಕನ್ನಡದ ವಿವರವನ್ನೆಲ್ಲ ಆ ಪುಟದಲ್ಲಿ ಇಡುವುದು ಮೇಲು. ಚೌಕ ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗದಿರಲಿ, ಸುತ್ತ ಬಿಳಿ ಅಂಚು ಇರಲಿ.

ಹಾಗಾದರೆ ಮುಖದ ಮೇಲೆ ಏನಿರಬೇಕು? ಹೆಸರು, ಕಸುಬು, ಊರು, ಒಂದೇ ಒಂದು ಫೋನ್ ಸಂಖ್ಯೆ. ನಾಲ್ಕು ಸಾಲಿಗೆ ಮೂರೂವರೆ ಇಂಚು ಧಾರಾಳ. ಹೆಸರನ್ನು 16 ಪಾಯಿಂಟಿನಲ್ಲಿ ಹಾಕಿದರೂ ಜಾಗ ಉಳಿಯುತ್ತದೆ. ಇಂಗ್ಲಿಷ್ ಬೇಕೆನ್ನುವವರಿಗೆ ಹಿಂಬದಿ ಇದೆ. ಜಪಾನಿನವರು ಒಂದು ಮುಖ ತಮ್ಮ ಲಿಪಿಗೆ, ಇನ್ನೊಂದು ಇಂಗ್ಲಿಷಿಗೆ ಇಟ್ಟು, ಎದುರಿನವರ ಭಾಷೆಯ ಮುಖ ಮೇಲೆ ಮಾಡಿ ಎರಡೂ ಕೈಯಿಂದ ಕೊಡುತ್ತಾರೆ. ಫಾಂಟಿನ ಬರವೂ ಈಗಿಲ್ಲ. ನೋಟೊ, ಬಾಲೂ ತಮ್ಮ, ಅನೇಕ್ ಕನ್ನಡದಂಥ ಒಳ್ಳೆಯ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಅನೇಕ್‌ನಲ್ಲಿ ಅಕ್ಷರದ ಅಗಲವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ‘ವ್ಯವಸ್ಥಾಪಕ ನಿರ್ದೇಶಕರು’ ಎಂಬ ಉದ್ದದ ಹುದ್ದೆಗೆ ಅದು ಒದಗಿಬರುತ್ತದೆ.

ಕಾಗದ 300ರಿಂದ 350 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಇರಲಿ, ಹಿಂಬದಿಗೆ ಲ್ಯಾಮಿನೇಷನ್ ಬೇಡ. ಪೆನ್ನಿನಲ್ಲಿ ಒಂದು ದರ, ಒಂದು ದಿನಾಂಕ ಬರೆದುಕೊಡುವ ಅನುಕೂಲವನ್ನು ನಮ್ಮ ವ್ಯಾಪಾರಿಗಳು ಕಳೆದುಕೊಳ್ಳಬಾರದು. ಹಲವರ ಕಾರ್ಡುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಸೇರಿಸಿ ಸಾವಿರದ ಲೆಕ್ಕದಲ್ಲಿ ಮುದ್ರಿಸುವ ಆಫ್‌ಸೆಟ್ ಅಗ್ಗ ಹೌದು, ಆದರೆ ತಪ್ಪಾದರೆ ಸಾವಿರವೂ ತಪ್ಪು. ಮೊದಲು ಡಿಜಿಟಲ್ ಯಂತ್ರದಲ್ಲಿ ಒಂದು ಹಾಳೆ ತೆಗೆಸಿ, ಕತ್ತರಿಸಿ, ಕನ್ನಡಕ ಇಲ್ಲದೆ ಓದಲು ಕಷ್ಟಪಡುವ ಹಿರಿಯರೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅಂಗಡಿಯ ತಂತ್ರಾಂಶ ಹಳೆಯದಾಗಿದ್ದರೆ ಮನೆಯಲ್ಲೇ ಯೂನಿಕೋಡ್ ಫಾಂಟಿನಲ್ಲಿ ಜೋಡಿಸಿ, ಅಕ್ಷರಗಳನ್ನು ರೇಖಾರೂಪಕ್ಕೆ (ಔಟ್‌ಲೈನ್) ಬದಲಿಸಿ, ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಅಂಚು ಬಿಟ್ಟು ಪಿಡಿಎಫ್ ಒಯ್ದುಕೊಡಿ. ಆ ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆಯುವುದಿಲ್ಲ, ಅಂಗಡಿಯವರು ಮತ್ತೆ ಟೈಪ್ ಮಾಡಬೇಕಾಗಿಯೂ ಇಲ್ಲ.