ಘಾಟಿ ಇಳಿಯುವಾಗ ಟೈರ್ ಸಿಡಿದರೆ

ಮಡಿಕೇರಿಯಿಂದ ಘಾಟಿ ಇಳಿದ ಕಾಫಿ ಲಾರಿಯೊಂದು ಸಂಪಾಜೆಯ ಚಹಾ ಅಂಗಡಿ ಮುಂದೆ ನಿಂತಿತು. ಕ್ಲೀನರ್ ಹುಡುಗ ರಾಡ್ ಹಿಡಿದು ಒಂದೊಂದೇ ಟೈರಿಗೆ ಬಡಿಯುತ್ತಾ ಬಂದ. ಗಾಳಿ ತುಂಬಿದ ಟೈರು ರಾಡನ್ನು ಪುಟಿಸುತ್ತದೆ, ಸದ್ದೂ ಗಟ್ಟಿ. ಹಿಂದಿನ ಎಡಜೋಡಿಯ ಒಳಟೈರಿಗೆ ಬಡಿದಾಗ ಮಾತ್ರ ದೊಪ್ ಎಂದಿತು. "ಅಣ್ಣಾ, ಒಳಗಿನ್ದು ಕೂತಿದೆ" ಎಂದ. ಡ್ರೈವರ್ ಬಗ್ಗಿ ರಿಮ್ಮಿನ ಹತ್ತಿರ ಅಂಗೈ ಹಿಡಿದರು. ಮುಟ್ಟಲಾಗದಷ್ಟು ಕಾವು.

ಆ ಕಾವಿನ ಲೆಕ್ಕ ದೊಡ್ಡದು. ಮಡಿಕೇರಿಯಿಂದ ಸಂಪಾಜೆಗೆ ಸುಮಾರು 1,000 ಮೀಟರ್ ಇಳಿತ. 16 ಟನ್ ತೂಕದ ಲಾರಿ ಅಷ್ಟು ಇಳಿದರೆ ಹೊರಬೀಳುವ ಶಕ್ತಿ ಸುಮಾರು 16 ಕೋಟಿ ಜೂಲ್. 500 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಸ್ವಲ್ಪವನ್ನು ಎದುರುಗಾಳಿ ಮತ್ತು ರಸ್ತೆ, ಸ್ವಲ್ಪವನ್ನು ಎಂಜಿನ್ ತೆಗೆದುಕೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕ್ ಡ್ರಮ್ಮಿಗೆ. ಡ್ರಮ್ ಇರುವುದು ಚಕ್ರದ ಹೊಟ್ಟೆಯೊಳಗೆ. ಅದರ ಬಿಸಿ ರಿಮ್ಮಿಗೆ, ರಿಮ್ಮಿನಿಂದ ಟೈರಿನ ಅಂಚಿಗೆ ಹತ್ತುತ್ತದೆ. ಡೀಸೆಲ್ ಉಳಿಯಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಎಂಜಿನ್ ಹೊರಬೇಕಾದ ಪಾಲನ್ನೂ ಅವರು ಡ್ರಮ್ಮಿನ ತಲೆಗೆ ಕಟ್ಟುತ್ತಾರೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೇ ಡ್ರೈವರುಗಳ ಮಾತಿನಲ್ಲಿರುವುದು ಇದೇ ಭೌತವಿಜ್ಞಾನ.

ಇನ್ನೊಂದು ಬಿಸಿ ಟೈರಿನೊಳಗೇ ಹುಟ್ಟುತ್ತದೆ. ಭಾರ ಹೊರುವುದು ಮುಖ್ಯವಾಗಿ ಒಳಗಿನ ಗಾಳಿ, ರಬ್ಬರಲ್ಲ. ಗಾಳಿ ಇಳಿದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಅತಿಯಾಗಿ ಬಾಗಿ ನೆಟ್ಟಗಾಗುತ್ತದೆ, ಕಿಲೋಮೀಟರಿಗೆ 300ಕ್ಕೂ ಹೆಚ್ಚು ಸಲ. ತಂತಿಯನ್ನು ಹಿಂದೆಮುಂದೆ ಬಗ್ಗಿಸುತ್ತಾ ಹೋದರೆ ಬಿಸಿಯಾಗಿ ತುಂಡಾಗುತ್ತದಲ್ಲ, ಹಾಗೆಯೇ ಒಳಗಿನ ಎಳೆಗಳು ಸೋಲುತ್ತವೆ, ರಬ್ಬರು ಅವುಗಳಿಂದ ಬಿಡುತ್ತದೆ. ಜೋಡಿಯಲ್ಲಿ ಒಂದು ಕೂತರೆ ಅದರ ಭಾರವೂ ಪಕ್ಕದ್ದರ ಮೇಲೆ. ಬಿಸಿಲುಗಾಲದಲ್ಲಿ ಗಾಳಿ ಕಡಿಮೆ ಹಾಕಿಸಬೇಕು ಎಂಬ ನಂಬಿಕೆ ಅಪಾಯಕಾರಿ. 27 ಡಿಗ್ರಿಯಲ್ಲಿ 110 ಪೌಂಡ್ ಇದ್ದ ಗಾಳಿ 77 ಡಿಗ್ರಿಗೆ ಸುಮಾರು 130 ಆಗುತ್ತದೆ. ಈ ಏರಿಕೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಟೈರ್ ಮಾಡಿರುತ್ತಾರೆ. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಪಕ್ಕೆ ಇನ್ನಷ್ಟು ಬಾಗುತ್ತದೆ, ಇನ್ನಷ್ಟು ಕಾಯುತ್ತದೆ.

ಸಿಡಿದದ್ದು ಮುಂದಿನ ಟೈರಾದರೆ? ಗುಂಡು ಹೊಡೆದಂಥ ಸದ್ದು, ಸ್ಟೇರಿಂಗ್ ಸಿಡಿದ ಕಡೆಗೆ ಜಗ್ಗುತ್ತದೆ, ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಆ ಕಾಲನ್ನೇ ತಡೆಯಬೇಕು. ಗಾಳಿಯಿಲ್ಲದ ಚಕ್ರ ಉರುಳಲು ಒಲ್ಲದೆ ಲಂಗರಿನಂತೆ ಒಂದು ಪಕ್ಕವನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಬ್ರೇಕ್ ಒತ್ತಿದರೆ ಗಾಡಿಯ ಭಾರ ಮುಂದಕ್ಕೆ ವಾಲಿ ಅದೇ ಚಕ್ರದ ಮೇಲೆ ಬೀಳುತ್ತದೆ, ಎರಡು ಕಡೆಯ ಹಿಡಿತದ ಅಂತರ ಹೆಚ್ಚುತ್ತದೆ, ಲಾರಿ ತಿರುಗಿಬಿಡುತ್ತದೆ. ಅದಕ್ಕೇ ಮಟ್ಟಸ ಹೆದ್ದಾರಿಯಲ್ಲಿ ದೊಡ್ಡ ಗಾಡಿಯವರಿಗೆ ಕಲಿಸುವುದು ಕೇಳಿದರೆ ವಿಚಿತ್ರವೆನಿಸುತ್ತದೆ: ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಒಂದು ಕ್ಷಣ ಆಕ್ಸಿಲರೇಟರ್ ಒತ್ತಿ. ಹಿಂದಿನ ಚಕ್ರಗಳ ನೂಕು ಆ ಎಳೆತಕ್ಕೆ ಎದುರಾಗಿ ಗಾಡಿ ನೆಟ್ಟಗಾಗುತ್ತದೆ. ಆಮೇಲೆ ಮೆಲ್ಲನೆ ಕಾಲು ಸಡಿಲಿಸಿ, ವೇಗ ತಾನಾಗಿ ಇಳಿಯಲು ಬಿಟ್ಟು, ಕೊನೆಯಲ್ಲಷ್ಟೇ ಮೃದುವಾಗಿ ಬ್ರೇಕ್.

ನಮ್ಮ ಘಾಟಿಗಳಲ್ಲಿ ಈ ಪಾಠವನ್ನು ಹಾಗೆಯೇ ಹಚ್ಚಲಾಗದು. ಇಳಿಜಾರೇ ನೂಕುತ್ತಿರುವಾಗ ಆಕ್ಸಿಲರೇಟರ್ ಬೇಡ; ತಿರುವು ಕಣ್ಣೆದುರೇ ಇರುತ್ತದೆ, ಆಚೆ ಕಣಿವೆ. ಸಂಪಾಜೆಯಾಗಲಿ ಮಾಕುಟ್ಟವಾಗಲಿ, ಸಿಡಿಯುವ ಹೊತ್ತಿಗೆ ಗಾಡಿ ಎಷ್ಟು ವೇಗದಲ್ಲಿತ್ತು ಎಂಬುದೇ ಹೆಚ್ಚಿನದನ್ನು ತೀರ್ಮಾನಿಸುತ್ತದೆ. 30ರ ಬದಲು 60ರಲ್ಲಿದ್ದರೆ ಕರಗಿಸಬೇಕಾದ ಚಲನಶಕ್ತಿ ನಾಲ್ಕು ಪಟ್ಟು. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿದು ನಿಧಾನಿಸುತ್ತದೆ, ಸಿಡಿದ ಮುಂಚಕ್ರದ ತಂಟೆಗೆ ಹೋಗುವುದಿಲ್ಲ.

ಸಂಪಾಜೆಯ ಹುಡುಗ ಬಕೆಟ್ಟಿನಲ್ಲಿ ನೀರು ತಂದಿದ್ದ. "ಸುರೀಬೇಡ ಮಾರಾಯ, ಡ್ರಮ್ ಬಿರಿತದೆ" ಎಂದು ಡ್ರೈವರ್ ತಡೆದರು. ಕಾದ ಎರಕದ ಕಬ್ಬಿಣ ಒಮ್ಮೆಲೇ ತಣಿದರೆ ಹೊರಮೈ ಕುಗ್ಗುತ್ತದೆ, ಒಳಗು ಹಿಗ್ಗಿಯೇ ಇರುತ್ತದೆ, ಬಿರುಕು ಬಿಡುತ್ತದೆ. ಅರ್ಧ ಗಂಟೆ ಕಾದು ಸ್ಟೆಪ್ನಿ ಹಾಕಿದರು. ಕೂತ ಟೈರಿಗೆ ಅಲ್ಲೇ ಗಾಳಿ ಹೊಡೆಸೋಣ ಎಂದ ಹುಡುಗನಿಗೆ ಅದನ್ನೂ ಬೇಡವೆಂದರು. ಗಾಳಿಯಿಲ್ಲದೆ ಓಡಿದ ಟೈರಿನ ಪಕ್ಕೆಯೊಳಗೆ ತಂತಿಗಳು ಕಡಿದಿರಬಹುದು. ಬಿಚ್ಚಿ ನೋಡದೆ ಗಾಳಿ ತುಂಬಿದರೆ ಪಂಚರ್ ಅಂಗಡಿಯವರ ಮುಖದೆದುರೇ ಅದು ಸಿಡಿಯಬಹುದು.