ಪದ ಪರಿಚಯ: ‘ಗಂಭೀರ ಕಾಯಿಲೆ’

ಮೊನ್ನೆ ಪೇಪರ್ ಒಳಗಿಂದ ವಿಮೆ ಪಾಲಿಸಿಯ ಒಂದು ಪಾಂಪ್ಲೆಟ್ ಬಿತ್ತು. ‘ಯಾವುದೇ ಗಂಭೀರ ಕಾಯಿಲೆ ಬರಲಿ, ಆಸ್ಪತ್ರೆ ಬಿಲ್ ನಮ್ಮದು!’ ಒಂದೇ ಸಾಲಿನಲ್ಲಿ ಎರಡು ತಪ್ಪು. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಕೇಳಿ ಜನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತರಲ್ಲ, ಆಗಿನಿಂದ ನಮ್ಮೂರಲ್ಲಿ ಈ ಪದದ ಓಡಾಟ ಜಾಸ್ತಿಯಾಗಿದೆ.

ಗಂಭೀರ ಅಂದರೆ ಮೂಲದಲ್ಲಿ ಆಳ. ನೀರಿಗೂ ದನಿಗೂ ಹೇಳುವ ಮಾತು. ಪತ್ರಿಕೆಗಳಲ್ಲಿ ಅದು ಐಸಿಯುವರೆಗೂ ಬಂದಿದೆ: ‘ಗಾಯಾಳು ಸ್ಥಿತಿ ಗಂಭೀರ’. ಈ ಪಾಲಿಸಿಯ ಇಂಗ್ಲಿಷ್ ಹೆಸರು ‘ಕ್ರಿಟಿಕಲ್ ಇಲ್‌ನೆಸ್’. ಆ ‘ಕ್ರಿಟಿಕಲ್’ ಗ್ರೀಕಿನ ‘ಕ್ರಿಸಿಸ್’ಗೆ ನೆಂಟ. ಹಳೆಯ ಗ್ರೀಕ್ ವೈದ್ಯರಿಗೆ ಅದು ಕಾಯಿಲೆ ಆ ಕಡೆಗೋ ಈ ಕಡೆಗೋ ತಿರುಗುವ ಗಳಿಗೆ. ಪಾಲಿಸಿಯಲ್ಲಿ ಆಳವೂ ಇಲ್ಲ, ಗಳಿಗೆಯೂ ಇಲ್ಲ. ಕಂಪನಿ ಹಣ ಕೊಡುವ ಕಾಯಿಲೆಗಳ ಒಂದು ಪಟ್ಟಿ ಇದೆ, ಅಷ್ಟೇ. 1983ರಲ್ಲಿ ದಕ್ಷಿಣ ಆಫ್ರಿಕಾದ ಹೃದಯ ಶಸ್ತ್ರವೈದ್ಯ ಮಾರಿಯಸ್ ಬರ್ನಾರ್ಡ್ ಇಂಥ ಪಾಲಿಸಿ ಶುರುಮಾಡಿಸಿದಾಗ ಅದರ ಹೆಸರು ‘ಡ್ರೆಡ್ ಡಿಸೀಸ್’. ಭಯದ ಕಾಯಿಲೆ. ನಮ್ಮ ‘ವಿಮೆ’ಯೂ ಪರ್ಷಿಯನ್‌ನ ‘ಬೀಮಾ’ದಿಂದ ಬಂದದ್ದು, ಅದರ ಬುಡದಲ್ಲಿರುವ ‘ಬೀಮ್’ ಅಂದರೂ ಭಯವೇ. ಆ ಹಳೇ ಹೆಸರೇ ಇದ್ದಿದ್ದರೆ ಯಾರೂ ಇದನ್ನು ಐಸಿಯುಗೆ ಗಂಟುಹಾಕುತ್ತಿರಲಿಲ್ಲ.

ಮೊದಲ ತಪ್ಪು ‘ಯಾವುದೇ ಗಂಭೀರ ಕಾಯಿಲೆ’ ಅನ್ನುವುದು. ಡೆಂಗಿ ಬಂದು ಆರು ದಿನ ಐಸಿಯುನಲ್ಲಿ ಮಲಗಿದರೂ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗ ಇಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದವರು ಕಣದಲ್ಲಿ ನಿಂತು ಕಾಫಿ ಒಣಗಿಸುತ್ತಿದ್ದರೂ ಅವರದ್ದು ‘ಗಂಭೀರ’. ಅದೂ ಕ್ಯಾನ್ಸರ್ ತಾನು ಹುಟ್ಟಿದ ಪದರ ದಾಟಿ ಒಳಗಿಳಿದಿದ್ದರೆ ಮಾತ್ರ. ಸ್ಟ್ರೋಕ್ ಆದರೆ ಅದರ ಊನ ಕನಿಷ್ಠ 3 ತಿಂಗಳು ಉಳಿದಿರಬೇಕು. ಬೈಪಾಸ್ ಅಂದರೆ ಎದೆ ತೆರೆದೋ ಸಣ್ಣ ರಂಧ್ರ ಮಾಡಿಯೋ (ಕೀಹೋಲ್) ನಡೆಸಿದ ಬೈಪಾಸ್ ಶಸ್ತ್ರಕ್ರಿಯೆ. ಸ್ಟೆಂಟ್, ಅಂದರೆ ಕಟ್ಟಿದ ರಕ್ತನಾಳ ತೆರೆದಿಡಲು ಹಾಕುವ ಸಣ್ಣ ಜಾಲರಿ ಕೊಳವೆ, ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಭಾವನಿಗೆ ಅಟ್ಯಾಕ್ ಆಗಿರಲಿಲ್ಲ, ಬ್ಲಾಕ್ ಇತ್ತು, ಎರಡು ಸ್ಟೆಂಟ್ ಹಾಕಿದರು. ಕಂಪನಿ ಹಣ ಕೊಡಲಿಲ್ಲ. ಡಿಸ್‌ಚಾರ್ಜ್ ಸಮ್ಮರಿ ಟೇಬಲ್ ಮೇಲೆ ಕುಕ್ಕಿ, ‘ಇದಕ್ಕಿಂತ ಗಂಭೀರ ಇನ್ನೇನ್ ಬೇಕಂತೆ ಅವರಿಗೆ?’ ಅಂದರು. ಭಾವನ ಕನ್ನಡ ಸರಿಯಾಗಿಯೇ ಇತ್ತು.

ಎರಡನೇ ತಪ್ಪು ಬಿಲ್ಲಿನದು. ಈ ಪಾಲಿಸಿ ಬಿಲ್ ನೋಡುವುದಿಲ್ಲ. ಕಾಯಿಲೆ ಖಚಿತವಾಗಿ, ಸಾಮಾನ್ಯವಾಗಿ 30 ದಿನ ಬದುಕಿದ್ದರೆ, ಗಂಟು ಹಣ ಒಂದೇ ಸಲ ಕೊಡುತ್ತದೆ. ಅದರಲ್ಲಿ ಸಾಲದ ಕಂತು ಕಟ್ಟಿ, ತೋಟದ ಆಳುಗಳ ಕೂಲಿ ಕೊಡಿ, ಯಾರೂ ಕೇಳುವುದಿಲ್ಲ. ಬಿಲ್ ಕಟ್ಟುವುದು ಮೆಡಿಕ್ಲೈಮ್, ಅಂದರೆ ಆಸ್ಪತ್ರೆ ಖರ್ಚಿನ ವಿಮೆ. ವಯಸ್ಸು 45 ದಾಟಿ ಪ್ರೀಮಿಯಂ ಏರಿದಾಗ ‘ಗಂಭೀರದ್ದು ಇದೆಯಲ್ಲ’ ಅಂತ ಮೆಡಿಕ್ಲೈಮನ್ನೇ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಕೈ ಬಿಗಿಯಾದರೆ ಗಂಭೀರದ್ದರ ಮೊತ್ತ ಇಳಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿ ಹೋಯಿತು. ವಯಸ್ಸು ಹೋಗುವುದಿಲ್ಲವಲ್ಲ.

ಪಟ್ಟಿ ಉದ್ದ ಇದ್ದಷ್ಟೂ ಒಳ್ಳೇದು ಅನ್ನೋದು ಸುಮ್ನೆ ಮಾತು. ಮುಖ್ಯ ಕಾಯಿಲೆಗಳಿಗೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಎಲ್ಲ ಕಂಪನಿಗೂ ಒಂದೇ ವ್ಯಾಖ್ಯೆ ಕೊಟ್ಟಿದೆ. ಏಜೆಂಟರು ‘36 ಕಾಯಿಲೆ ಸರ್’ ಅಂದಾಗ, ಸ್ಟೆಂಟಿಗೆ ಎಷ್ಟು ಕೊಡ್ತೀರಿ ಅಂತ ಕೇಳಿ.